ನೀರು ಹಾಕಿ ಎಂದವರು

ನನ್ನ ಎಡ ಮೊಣಕಾಲು ಮಡಚುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತು ಉಣ್ಣುವಾಗ ನಾನೊಬ್ಬಳು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕಲೆಕ್ಟರರ ಹೆಂಡತಿಯ ಹಾಗೆ ಉಣ್ಣುತ್ತೇನೆ. ಬಸ್ಸಿನಲ್ಲಿ ನನ್ನ ಕಾಲು ನಡುದಾರಿಗೆ ಚಾಚಿಕೊಂಡಿರುತ್ತದೆ. ಕಂಡಕ್ಟರ್ ಎಡವಿ, ಬೈಯಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾಗುತ್ತಾನೆ. ನಾನು ಪಾಠ ಹೇಳಿದ ಸಾಲಿಯ ಹುಡುಗರು ನನಗೆ ‘ಕಂಪಾಸ್ ಟೀಚರ್’ ಎಂದು ಹೆಸರಿಟ್ಟಿದ್ದರು. ನಡೆಯುವಾಗ ಎಡಗಾಲು ಅರ್ಧ ವರ್ತುಲ ಎಳೆಯುತ್ತದಲ್ಲ, ಅದಕ್ಕೆ. ಹೆಸರಿಟ್ಟವನು ಯಾರೆಂದು ನನಗೆ ಗೊತ್ತಿತ್ತು. ಅವನಿಗೆ ರೇಖಾಗಣಿತದಲ್ಲಿ ಒಳ್ಳೆಯ ಅಂಕವನ್ನೇ ಕೊಟ್ಟೆ.

ಕಾಲು ಹೀಗೇಕಾಯಿತು ಎಂದು ಯಾರಾದರೂ ಕೇಳಿದರೆ, ಸಣ್ಣವಳಿದ್ದಾಗ ಕೀಲಿನಲ್ಲಿ ಕೀವಾಗಿತ್ತು ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಕಳೆದ ತಿಂಗಳು ಇಂಡಿಯ ದವಾಖಾನೆಯ ಹಳೆಯ ಕಂಪೌಂಡರ ಮಗಳು ಫೋನು ಮಾಡಿದಳು. “ಅಕ್ಕಾರ, ಮೈಸೂರ ಡಾಕ್ಟರ್ ಹೋದ್ರಂತ್ರಿ” ಎಂದಳು. ಅಂದಿನಿಂದ ಆ ಗಿಡ್ಡ ಉತ್ತರ ಸಾಲದೆನ್ನಿಸಿದೆ.

ಎಪ್ಪತ್ತರ ದಶಕದ ಮೊದಲಲ್ಲಿ ಆ ಡಾಕ್ಟರು ಇಂಡಿಯ ದವಾಖಾನೆಗೆ ಬಂದಾಗ ಊರೆಲ್ಲ ಅವರನ್ನು ನೋಡಿ ನಕ್ಕಿತ್ತು. ಉದ್ದನೆಯ ಆಳು, ದಪ್ಪ ಕನ್ನಡಕ, ಕಂಕುಳಲ್ಲಿ ಸದಾ ಒಂದು ಕೊಡೆ. ನೆನಪಾದರೆ ಮಳೆ ಬರುವ ಊರು ನಮ್ಮದು. “ಸಾಹೇಬ್ರ, ಇವತ್ತ ಮಳಿ ಐತೇನ್ರಿ?” ಎಂದು ಚಹಾದಂಗಡಿಯವರು ಚೇಷ್ಟೆ ಮಾಡಿದರೆ, ಅವರು ನಿಜವಾಗಿಯೂ ಮುಗಿಲು ನೋಡಿ, “ಹೇಳಕ್ಕಾಗಲ್ಲ” ಎನ್ನುತ್ತಿದ್ದರು. ಕಟಕ ರೊಟ್ಟಿಯನ್ನು ಬಿಸ್ಕೀಟಿನ ಹಾಗೆ ಮುರಿದು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಹೆಂಡತಿ ಮಕ್ಕಳು ಮೈಸೂರಿನ ಕಡೆಯೇ ಉಳಿದಿದ್ದರಿಂದ ಹಾಗೆ ತಿನ್ನಬೇಡಿ ಎನ್ನುವವರು ಯಾರೂ ಇರಲಿಲ್ಲ.

ಮಕ್ಕಳನ್ನು ಮುಟ್ಟುವ ಅವರ ರೀತಿಯೇ ಬೇರೆ. ಮೊದಲು ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೈ ಬಿಸಿ ಮಾಡಿಕೊಳ್ಳುವರು. ಆಮೇಲೆ ನೋವಿಲ್ಲದ ಕಾಲಿನ ಮೇಲೆ ಕೈಯಿಡುವರು. ಕೂಸಿಗೆ ಭಯ ಹೋದ ಮೇಲೆಯೇ ನೋವಿನ ಕಾಲಿನ ಕಡೆಗೆ. “ಮೊದಲು ಒಳ್ಳೆಯೋನ ಪರಿಚಯ ಮಾಡ್ಕೋಬೇಕು. ಜಗಳಗಂಟನ ಹತ್ರ ಆಮೇಲೆ ಹೋಗ್ಬೇಕು” ಎನ್ನುತ್ತಿದ್ದರು. ನನ್ನ ಬಲಗಾಲಿಗೆ ಅವರು ಅಂದು ಕೇಳಿದ ಕ್ಷೇಮಸಮಾಚಾರ ಇನ್ನೂ ನೆನಪಿದೆ.

ನಾನಾಗ ಮೂರನೇ ಇಯತ್ತೆ. ಅಗರಖೇಡದ ನಮ್ಮ ಹೊಲದಲ್ಲಿ ಹಿಮ್ಮಡಿಗೆ ಜಾಲಿಮುಳ್ಳು ನೆಟ್ಟು, ಕೀವಾಗಿ, ಒಡೆದು, ಮಾಯ್ದೂ ಹೋಗಿತ್ತು. ಮುಳ್ಳನ್ನು ಎಲ್ಲರೂ ಮರೆತ ಮೇಲೆ ಮೊಣಕಾಲು ಬಾತಿತು. ಅಜ್ಜಿ “ಉಳುಕೈತಿ” ಎಂದು ಬಿಸಿ ಎಣ್ಣೆ ಹಚ್ಚಿ ತಿಕ್ಕಿದಳು. ನಾನು ಚೀರಿದ ರಭಸಕ್ಕೆ ಪಕ್ಕದ ಮನೆಯ ಎಮ್ಮೆ ಅಂದು ಹಾಲು ಕೊಡಲಿಲ್ಲವೆಂದು ಮುಂದೆ ಬಹಳ ದಿನ ಹೇಳಿಕೊಂಡು ನಕ್ಕರು. ಅಂದು ಯಾರೂ ನಗಲಿಲ್ಲ. ಊರಲ್ಲಿ ನೆಗಡಿಗೂ ಹೊಟ್ಟೆನೋವಿಗೂ ಒಂದೇ ಪೆನಿಸಿಲಿನ್ ಸೂಜಿ ಚುಚ್ಚುವವನೊಬ್ಬನಿದ್ದ. ಅವನು ಚುಚ್ಚಿದ ದಿನ ಜ್ವರ ಇಳಿಯಿತು, ಮತ್ತೆ ಏರಿತು. ಮತ್ತೆ ಚುಚ್ಚಿದ. ಮೊಣಕಾಲು ಬಲಿತ ಕುಂಬಳಕಾಯಿಯಷ್ಟಾದ ಮೇಲೆ ನನ್ನನ್ನು ಚಕ್ಕಡಿಯಲ್ಲಿ ಮಲಗಿಸಿ ಇಂಡಿಗೆ ತಂದರು.

ಡಾಕ್ಟರು ಬಗ್ಗಿ, “ಮಂಡಿ ಯಾವಾಗಿಂದ ಹೀಗಿದೆ?” ಎಂದು ಕೇಳಿದರು.

ನಮಗೆ ಮಂಡಿ ಎಂದರೆ ಕಾಳುಕಡ್ಡಿ ಮಾರುವ ಪೇಟೆ. ಅಜ್ಜಿ ಒಂದು ಗಳಿಗೆ ಯೋಚಿಸಿ, “ಈ ಸಲ ಜ್ವಾಳಾ ಭಾಳ ತುಟ್ಟಿ ಅದಾವ್ರಿ” ಎಂದಳು.

ಕಂಪೌಂಡರು ನಕ್ಕು ನಕ್ಕು ಗೋಡೆಗೆ ಒರಗಿದರು. ವಿಷಯ ತಿಳಿದು ಡಾಕ್ಟರೂ ನಕ್ಕರು, ಆ ಸುಡುವ ಜ್ವರದಲ್ಲಿ ನಾನೂ ನಕ್ಕೆ. ಅವರ ಕನ್ನಡ ಮತ್ತು ನಮ್ಮ ಕನ್ನಡದ ನಡುವಿನ ಅಂತರ ನಗುವುದಕ್ಕಾಗಿಯೇ ಇದೆ ಎಂದು ಅಂದು ನಾವೆಲ್ಲರೂ ತಿಳಿದಿದ್ದೆವು.

ದಪ್ಪ ಸೂಜಿಯಿಂದ ಮೊಣಕಾಲಿನ ಕೀವು ಸೆಳೆದರು. ಕಾಲಿಗೆ ಪಟ್ಟಿ ಕಟ್ಟಿ ಅಲುಗಾಡದಂತೆ ಮಲಗಿಸಿದರು. ಹೊತ್ತು ಹೊತ್ತಿಗೆ ಪೆನಿಸಿಲಿನ್ ಚುಚ್ಚಿಸಿದರು. ಕೀಲಿನೊಳಗೆ ಕೀವು ನಿಂತರೆ ಎಲುಬಿನ ಮೇಲಿನ ನುಣುಪು ತಿಂದುಹೋಗುತ್ತದೆ, ಆಮೇಲೆ ಏನು ಮಾಡಿದರೂ ಅದು ಬೆಳೆಯುವುದಿಲ್ಲ, ಅದಕ್ಕೇ ಅವಸರ ಎಂದು ಅವ್ವನಿಗೆ ಬಿಡಿಸಿ ಹೇಳಿದರು. ಅವ್ವ ತಲೆಯಾಡಿಸಿದಳು. ಕೆಲವು ದಿನಗಳಲ್ಲಿ ಜ್ವರ ಬಿಟ್ಟಿತು. ನಾನು ಶೇಂಗಾ ಬೇಡಿದೆ. ಕೂಸು ತಿನ್ನಲು ಬೇಡಿತೆಂದು ಅಜ್ಜಿಯ ಮುಖ ಅರಳಿತು.

ಅಂದು ಮುಂಜಾನೆ ಡಾಕ್ಟರು ಯಾವುದೋ ಹಳ್ಳಿಯ ಕುಟುಂಬ ಯೋಜನೆ ಕ್ಯಾಂಪಿಗೆ ಹೊರಟಿದ್ದರು. ಜೀಪು ಗುರುಗುಡುತ್ತಿತ್ತು. ಕಂಪೌಂಡರು ಅವರಿಗಿಂತ ಮುಂಚೆಯೇ ಸಾಮಾನು ತೆಗೆದುಕೊಂಡು ಹೋಗಿಯಾಗಿತ್ತು. ಅಜ್ಜಿ ಜೀಪಿನ ಹತ್ತಿರ ಓಡಿಹೋಗಿ, “ಸಾಹೇಬ್ರ, ಕೂಸಿಗೆ ಜ್ವರಾ ಬಿಟ್ಟಾವ. ನೀರ ಹಾಕಲೇನ್ರಿ?” ಎಂದು ಕೇಳಿದಳು.

ಅವರು ಒಂದು ಕಾಲು ಜೀಪಿನೊಳಗಿಟ್ಟು, “ಹಾಕಿ ಅಜ್ಜಿ, ಹಾಕಿ. ಪಟ್ಟಿ ಮಾತ್ರ ನೆನೀಬಾರದು” ಎಂದರು.

ಅವರ ಕಡೆ ‘ನೀರು ಹಾಕುವುದು’ ಎಂದರೆ ಸ್ನಾನ ಮಾಡಿಸುವುದು, ಅಷ್ಟೇ. ನಮ್ಮಲ್ಲಿ ಸ್ನಾನಕ್ಕೆ ಜಳಕ ಎನ್ನುತ್ತೇವೆ. ‘ನೀರು ಹಾಕುವುದು’ ಬೇರೆ. ಸಿಡುಬಿನ ಅಮ್ಮ ಬಂದವರಿಗೆ, ದೊಡ್ಡ ಜ್ವರದಲ್ಲಿ ಮಲಗಿ ಎದ್ದವರಿಗೆ, ಜಡ್ಡು-ಕಾಯಿಲೆ ಪೂರಾ ಹೋಯಿತೆಂದು ತಲೆಯ ಮೇಲಿಂದ ಬೇವಿನೆಲೆಯ ನೀರು ಸುರಿಯುತ್ತಾರೆ. ಆ ನೀರು ಬಿದ್ದ ಮೇಲೆ ಔಷಧ ಮುಟ್ಟಬಾರದು. ಮುಟ್ಟಿದರೆ ಹೋದ ಜಡ್ಡನ್ನು ಕೈಹಿಡಿದು ಕರೆತಂದಂತೆ. ಇದನ್ನು ಯಾರೂ ಯಾರಿಗೂ ವಿವರಿಸುವುದಿಲ್ಲ, ಏಕೆಂದರೆ ತಿಳಿಯದವರು ಇರುತ್ತಾರೆಂದು ಯಾರಿಗೂ ಹೊಳೆಯುವುದಿಲ್ಲ.

ಅಜ್ಜಿ ದವಾಖಾನೆಯ ಹಿಂದಿನ ಬೇವಿನ ಗಿಡದಿಂದ ಎಲೆ ತಂದು ನೀರು ಕಾಯಿಸಿದಳು. ಹಿತ್ತಾಳೆಯ ಚರಗಿಯಿಂದ ನನ್ನ ನೆತ್ತಿಯ ಮೇಲೆ ಸುರಿದು, ನನಗೆ ದೃಷ್ಟಿ ತೆಗೆದು, ಲಟಿಕೆ ಮುರಿದಳು. ಮಧ್ಯಾಹ್ನದ ಚಕ್ಕಡಿಗೆ ನಾವು ಊರಿಗೆ ಹೊರಟೆವು. ಸಂಜೆ ಡಾಕ್ಟರು ಬಂದು ಖಾಲಿ ಮಂಚ ನೋಡಿ, ಬಸ್ಸಿನ ಡ್ರೈವರನ ಕೈಯಲ್ಲಿ ‘ಕೂಸನ್ನು ತಿರುಗಿ ತನ್ನಿ’ ಎಂದು ಹೇಳಿಕಳಿಸಿದ್ದರಂತೆ. ಅಜ್ಜಿ, “ನೀರ ಬಿದ್ದೈತಿ, ಇನ್ಯಾಕ?” ಎಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಕೆಲವೇ ದಿನಗಳಲ್ಲಿ ನನ್ನನ್ನು ಮತ್ತೆ ಅದೇ ಚಕ್ಕಡಿಯಲ್ಲಿ ತಂದರು. ಈ ಸಲ ನನಗೆ ನಗಲು ಬರುವಂತಿರಲಿಲ್ಲ. ಡಾಕ್ಟರು ಚಹಾದ ಲೋಟ ಹಿಡಿಯಲಿಲ್ಲ, ಬಲಗಾಲನ್ನು ವಿಚಾರಿಸಲಿಲ್ಲ. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಯಾರು ಹೇಳಿದ್ರು ನಿಮಗೆ ಕರ್ಕೊಂಡು ಹೋಗಿ ಅಂತ? ಇಂಜೆಕ್ಷನ್ ಸಾಕು ಅಂತ ಯಾರು ಹೇಳಿದ್ರು?”

“ನೀವ ಹೇಳಿದ್ರೆಲ್ಲರಿ” ಎಂದಳು ಅಜ್ಜಿ.

“ನಾನಾ?”

“ಮತ್ಯಾರು? ನೀರ ಹಾಕಲೇನ್ರಿ ಅಂತ ಕೇಳಿದ್ನಿ. ಹಾಕಿ ಹಾಕಿ ಅಂದ್ರಿ. ಒಮ್ಮಿ ಅಲ್ಲ, ಎರಡ ಸಲ ಅಂದ್ರಿ.”

“ಅಯ್ಯೋ ಅಜ್ಜಿ, ಸ್ನಾನ ಮಾಡ್ಸಿ ಅಂದೆ! ಮಗು ಮೈ ಕೊಳೆಯಾಗಿತ್ತು, ಅದಕ್ಕೆ ಅಂದೆ!”

“ಜಳಕಾ ಮಾಡಸಾಕ ಯಾರರೆ ಡಾಕ್ಟರನ್ನ ಕೇಳ್ತಾರೇನ್ರಿ?”

ಡಾಕ್ಟರು ಕಂಪೌಂಡರ ಮುಖ ನೋಡಿದರು. ಕಂಪೌಂಡರು ತಗ್ಗಿದ ದನಿಯಲ್ಲಿ, “ನಮ್ಮ ಕಡೆ ನೀರ ಹಾಕೂದಂದ್ರ ಜಡ್ಡು ಮುಗೀತು ಅಂತ್ರಿ ಸಾಹೇಬ್ರ. ಔಷಧಾನೂ ಮುಗೀತು ಅಂತ” ಎಂದರು. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತರು. ಅಜ್ಜಿಗೂ ಆಗಲೇ ತಿಳಿದದ್ದು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪೆನಿಸಿಲಿನ್ ಈ ಸಲ ಏನೂ ಮಾಡಲಿಲ್ಲ. ಡಾಕ್ಟರು ಮೊಣಕಾಲು ಕೊಯ್ದು ಕೀವು ಹರಿಯಬಿಟ್ಟು, ಸ್ವಲ್ಪವನ್ನು ಗಾಜಿನ ನಳಿಕೆಯಲ್ಲಿ ತುಂಬಿ, ಅರಳೆ ಸುತ್ತಿ, ಕಂಪೌಂಡರ ಕೈಯಲ್ಲಿ ರೈಲಿನಲ್ಲಿ ಸೊಲ್ಲಾಪುರಕ್ಕೆ ತಪಾಸಣೆಗೆ ಕಳಿಸಿದರು. ಅಲ್ಲಿಂದ ಬಂದ ಉತ್ತರ, ಕೀವಿನಲ್ಲಿರುವ ಈ ಹುಳಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಕ್ಲಾಕ್ಸಾಸಿಲಿನ್ ಎಂಬ ಬೇರೆ ಔಷಧ ಬೇಕು ಎಂದು. ಅದು ಇಂಡಿಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಜಿಲ್ಲೆಯಿಂದ ಬಂದ ದೊಡ್ಡ ಸರ್ಜನ್ನರೊಬ್ಬರು ನನ್ನನ್ನು ನೋಡಿ, ವಿಷ ಮೈಗೇರುತ್ತಿದೆ, ಕಾಲು ತೆಗೆದರೆ ಜೀವವಾದರೂ ಉಳಿಯುತ್ತದೆ ಎಂದರು. ಅವ್ವ ಗೋಡೆಗೆ ತಲೆ ಬಡಿದುಕೊಂಡಳು. ನಮ್ಮ ಡಾಕ್ಟರು, “ಔಷಧಿ ಬರೋವರೆಗೆ ಬಿಡಿ ಸಾರ್” ಎಂದು ಕೈಮುಗಿದದ್ದನ್ನು ನಾನು ಮಂಚದಿಂದ ನೋಡಿದೆ. ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಕೈಮುಗಿಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆಗ ಹೆದರಿಕೆಯಾಯಿತು.

ಔಷಧ ರೈಲಿನಲ್ಲಿ ಬಂತು. ರೈಲು ನಿಲ್ದಾಣ ಊರಿನಿಂದ ದೂರ. ಅವರೇ ಸೈಕಲ್ಲು ತುಳಿದುಕೊಂಡು ಹೋಗಿ ತಂದರು. ಅಜ್ಜಿಯ ಬಾಯಿಗೆ ಆ ಹೆಸರು ಹೊರಳಲಿಲ್ಲ. ಅವಳಿಗೆ ಅದು ಕೊನೆಯವರೆಗೂ ‘ಸಲೀಮನ ಸೂಜಿ’. ಪೆನಿಸಿಲಿನ್ ಯಾಕೆ ಸೋತಿತು ಎಂದು ಅವಳು ಕೇಳಿದಾಗ ಡಾಕ್ಟರು, “ಎತ್ತಿಗೆ ದಿನಾ ಒಂದೊಂದೇ ಮೆತ್ತನೆ ಏಟು ಕೊಟ್ರೆ ಆಮೇಲೆ ಅದು ಹೆದರುತ್ತಾ ಅಜ್ಜಿ? ಹುಳಾನೂ ಹಾಗೇ. ಹೊಡೆದರೆ ಪೂರ್ತಿ ಹೊಡೀಬೇಕು” ಎಂದರು.

“ಬಾರಕೋಲ ರೂಢಿ ಆಗೇತಿ ಅನ್ರಿ” ಎಂದಳು ಅಜ್ಜಿ.

“ಹೂಂ. ರೂಢಿ ಮಾಡ್ಸಿದ್ದು ನಾವು.”

‘ನಾವು’ ಎಂದದ್ದನ್ನು ಅಜ್ಜಿ ಗಮನಿಸಿದಳು. ಮರುದಿನದಿಂದ ಅವರಿಗೂ ಬುತ್ತಿ ಬರತೊಡಗಿತು: ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ವಾರ್ಡಿನ ಕಟ್ಟೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಉಣ್ಣುತ್ತಿದ್ದರು. ರೊಟ್ಟಿಯನ್ನು ಚಹಾದಲ್ಲಿ ಅದ್ದುವುದನ್ನು ಅವರು ಅಜ್ಜಿಯ ಎದುರಿಗೆ ಬಿಟ್ಟರು. ಯಾರಾದರೂ ಕಾಲಿನ ಬಗ್ಗೆ ಕೇಳಿದರೆ ಅಜ್ಜಿ, “ಹೇಳಿದಾಂವ ಅಂವ, ಸುರದಾಕಿ ನಾ” ಎನ್ನುತ್ತಿದ್ದಳು. ಅದರಲ್ಲಿ ದೂರು ಇರಲಿಲ್ಲ. ಒಂದೇ ಹೊರೆಯನ್ನು ಇಬ್ಬರು ಹೊತ್ತವರ ದಣಿವು ಇತ್ತು.

ಜೀವ ಉಳಿಯಿತು, ಕಾಲೂ ಉಳಿಯಿತು. ಮೊಣಕಾಲಿನ ಒಳಗಿನ ನುಣುಪು ಮಾತ್ರ ಉಳಿಯಲಿಲ್ಲ. ಎಲುಬಿಗೆ ಎಲುಬು ಕೂಡಿಕೊಳ್ಳುತ್ತದೆಂದು ಗೊತ್ತಾದ ಮೇಲೆ ಅವರು ಕಾಲನ್ನು ನೆಟ್ಟಗೆ ಇಟ್ಟು ಪ್ಲಾಸ್ಟರು ಹಾಕಿದರು. ಸೊಟ್ಟಗೆ ಕೂಡಿದರೆ ಜನ್ಮವೆಲ್ಲ ಬಡಿಗೆ ಹಿಡಿಯಬೇಕಾಗುತ್ತದೆ ಎಂದು. ಅವ್ವನಿಗೆ ಹೇಳಿದ್ದು ಎರಡೇ ಮಾತು: “ಮಡಚೋಲ್ಲ. ನಡೀತಾಳೆ.” ಎರಡೂ ನಿಜವಾದವು.

ಊರಿಗೆ ಬಂದ ಮೇಲೆ ನನಗೆ ಜಳಕ ಮಾಡಿಸಿದರು, ನೀರು ಹಾಕಲಿಲ್ಲ. ಅಜ್ಜಿ ಹಟ ಹಿಡಿದಳು. “ಕಾಲ ಮಡಚಿ ನನ್ನ ಬಾಜೂಕ ಕುಂತು ಉಂಡ ದಿನಾ ಹಾಕ್ತೇನಿ” ಎಂದಳು. ಆ ಹಿತ್ತಾಳೆಯ ಚರಗಿಯನ್ನು ಬೂದಿ ಹಚ್ಚಿ ಬೆಳಗಿ ಗೂಡಿನಲ್ಲಿಟ್ಟಳು. ಆ ದಿನ ಬರದೆ ಅವಳೇ ಹೋಗಿಬಿಟ್ಟಳು.

ಡಾಕ್ಟರಿಗೆ ಸಿಂದಗಿಗೆ ವರ್ಗವಾಯಿತು, ಆಮೇಲೆ ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ. ಅವರ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಆಲಮೇಲದ ಕಡೆಯ ಕಬ್ಬು ಕಡಿಯುವವರು ಕೂಸುಗಳನ್ನು ಎತ್ತಿಕೊಂಡು ಸಿಂದಗಿಗೆ ಹೋಗುತ್ತಾರಂತೆ, ಕೀಲು ಬಾತ ಮಕ್ಕಳೆಂದರೆ ಡಾಕ್ಟರು ಮನೆಗೂ ಹೋಗುವುದಿಲ್ಲವಂತೆ, ಮೊದಲ ದಿನವೇ ಕೀವನ್ನು ಸೊಲ್ಲಾಪುರಕ್ಕೆ ಕಳಿಸುತ್ತಾರಂತೆ. ಇನ್ನೊಂದು ಸುದ್ದಿ ಕೇಳಿ ಜನ ನಗುತ್ತಿದ್ದರು: ಆ ದವಾಖಾನೆಯಲ್ಲಿ ಡಾಕ್ಟರೇ ನೀರು ಹಾಕುತ್ತಾರಂತೆ!

ನಗುವಂಥದ್ದೇನೂ ಇರಲಿಲ್ಲವೆಂದು ನಾನು ಬಾಗೇವಾಡಿಯಲ್ಲಿ ನೋಡಿದೆ. ಮೆಟ್ರಿಕ್ ಪರೀಕ್ಷೆ ಬರೆದು ಸೋದರಮಾವನ ಊರಾದ ಗೊಳಸಂಗಿಗೆ ಹೋಗಿದ್ದೆ. ಮಾವನ ಕೂಸಿಗೆ ತೊಡೆಸಂದಿನ ಕೀಲಿನಲ್ಲಿ ಕೀವಾಗಿ, ಬಹಳ ದಿನ ಬಾಗೇವಾಡಿಯ ದವಾಖಾನೆಯಲ್ಲಿ ಮಲಗಿಸಿ, ಅಂದು ಮನೆಗೆ ಬಿಡುವವರಿದ್ದರು. ದವಾಖಾನೆಯ ಹಿಂದೆ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಮೇಲೆ ಬೇವಿನೆಲೆ ತೇಲುತ್ತಿತ್ತು. ಡಾಕ್ಟರು ಪ್ಯಾಂಟು ಮಡಚಿಕೊಂಡು, ಕೂಸನ್ನು ಕಲ್ಲಿನ ಮೇಲೆ ಕೂರಿಸಿ, ಕಾಲುಗಳೆರಡನ್ನೂ ಮಡಚಿ ಬಿಡಿಸಿ ನೋಡಿದರು. ಆಮೇಲೆ ಸುತ್ತಲಿನ ಹೆಂಗಸರಿಗೆಲ್ಲ ಕೇಳುವಂತೆ, “ಈಗ ಮುಗೀತು. ನನ್ನ ಕೈಯಿಂದ ನೀರು ಬೀಳೋವರೆಗೆ ಜಡ್ಡು ಇದೆ ಅಂತಲೇ ತಿಳ್ಕೋಬೇಕು, ಜ್ವರ ಬಿಟ್ರೂ ಸರಿ, ನಕ್ಕರೂ ಸರಿ” ಎಂದು ಚರಗಿ ಎತ್ತಿ ಸುರಿದರು. ಕೂಸು ಕಿಟಾರನೆ ಕಿರುಚಿತು. ನನ್ನ ಅತ್ತೆ ನಗುತ್ತ ಅಳುತ್ತಿದ್ದಳು.

ಆಗ ಅವರು ನನ್ನನ್ನು ನೋಡಿದರು. ಮುಖಕ್ಕಿಂತ ಮೊದಲು ಕಾಲನ್ನು ಗುರುತಿಸಿದರು. ಚರಗಿ ಕೈಯಲ್ಲೇ ಇತ್ತು.

“ನಿನಗ ನೀರ ಹಾಕಿದ್ರೇನವಾ?” ಎಂದರು. ನಮ್ಮದೇ ಮಾತು, ನಮ್ಮದೇ ರಾಗ.

“ಇಲ್ಲರಿ.”

“ಅಜ್ಜಿ?”

“ಹೋದಳ್ರಿ. ಕಾಲ ಮಡಚಿದ ದಿನಾ ಹಾಕ್ತೇನಂದಿದ್ಳು.”

ನನಗೆ ಎಲ್ಲಿಂದ ಧೈರ್ಯ ಬಂತೋ, “ನೀವ ಹಾಕ್ರಿ” ಎಂದೆ. ನಿಜವಾಗಿಯೂ ಬೇಕಾಗಿತ್ತು ನನಗೆ. ಮುಗಿಯಿತು ಎಂದು ಯಾರಾದರೂ ಹೇಳಬೇಕಾಗಿತ್ತು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಎಲ್ಲರೂ ನನ್ನನ್ನು ಇನ್ನೂ ಜಡ್ಡಿನಲ್ಲಿ ಮಲಗಿದವಳ ಹಾಗೆಯೇ ನೋಡುತ್ತಿದ್ದರು.

ಅವರು ಹಂಡೆಯಿಂದ ಚರಗಿ ತುಂಬಿಕೊಂಡು ನನ್ನೆದುರು ಬಂದು ನಿಂತರು. ನಾನು ತಲೆ ಬಗ್ಗಿಸಿದೆ. ನೀರು ಬೀಳಲಿಲ್ಲ. ತಲೆಯೆತ್ತಿದರೆ ಅವರು ನನ್ನ ಮೊಣಕಾಲು ನೋಡುತ್ತಿದ್ದರು. ಚರಗಿಯನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟರು.

“ನನ್ನ ಕೈಲಾಗಲ್ಲಮ್ಮ. ಮುಗೀತು ಅಂತ ನಿಂಗೆ ನಾನು ಹೇಳೋ ಹಾಗಿಲ್ಲ. ಒಂದ್ಸಲ ಹೇಳಿಬಿಟ್ಟಿದೀನಿ.”

ಒಳಗೆ ಯಾವುದೋ ಮಗು ಅಳುತ್ತಿತ್ತು. ಅವರು ಒಳಗೆ ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಅಲ್ಲಿಂದ ವರ್ಗವಾಗಿ ತಮ್ಮ ಕಡೆಗೆ ಹೋದರೆಂದು ಕೇಳಿದೆ.

ಕಾಲಿಗಾಗಿ ನಾನು ಅವರ ಮೇಲೆ ಎಂದೂ ಸಿಟ್ಟಾಗಿರಲಿಲ್ಲ. ಆ ಒಂದು ಚರಗಿ ನೀರಿಗಾಗಿ ಬಹಳ ವರ್ಷ ಸಿಟ್ಟಾಗಿದ್ದೆ. ಎಷ್ಟು ಮಕ್ಕಳ ಕಾಲು ಉಳಿಸಿದರೂ ಅವರ ಲೆಕ್ಕದಲ್ಲಿ ನನ್ನ ಕಾಲೊಂದು ದೊಡ್ಡದಾಗಿ ಉಳಿದಿತ್ತು. ತಮ್ಮ ತಪ್ಪನ್ನು ನೆನಪಿಟ್ಟುಕೊಳ್ಳಲು ಅವರಿಗೆ ನಾನು ಜಡ್ಡಿನಲ್ಲಿಯೇ ಇರಬೇಕಾಗಿತ್ತೇನೋ ಅನ್ನಿಸುತ್ತಿತ್ತು. ಒಳ್ಳೆಯವರ ಪಶ್ಚಾತ್ತಾಪಕ್ಕೂ ಯಾರೋ ಒಬ್ಬರು ಬಾಡಿಗೆ ಕಟ್ಟಬೇಕಾಗುತ್ತದೆ.

ನಾಲ್ಕೈದು ವರ್ಷಗಳ ಹಿಂದೆ ಬಲಗಾಲು ನೋಯುತ್ತದೆಂದು ಒಬ್ಬ ಎಲುಬಿನ ಡಾಕ್ಟರರ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನವರು. ಹಳೆಯ ಕಥೆ ಕೇಳಿ, “ಆ ಕಾಲಕ್ಕ ಆ ಹುಳದಾಗ ಭಾಳಷ್ಟು ಪೆನಿಸಿಲಿನ್‌ಗೆ ಬಗ್ತಿದ್ದಿಲ್ಲರಿ ಟೀಚರ್. ಮೊದಲನೇ ಸಲ ಜ್ವರಾ ಇಳದಿದ್ದು ಕೀವ ತಗದಿದ್ದಕ್ಕ ಇರಬೇಕು. ನೀರ ಹಾಕದಿದ್ರೂ ಹಿಂಗ ಆಗ್ತಿತ್ತೇನೋ” ಎಂದರು. ಆಗ್ತಿತ್ತೇನೋ. ಆ ‘ಏನೋ’ ಎಂಬುದನ್ನು ಹಿಡಿದುಕೊಂಡು ಮನೆಗೆ ಬಂದೆ. ಇದನ್ನು ಅವರಿಗೆ ತಿಳಿಸೋಣವೆಂದರೆ ಯಾವ ಊರಿನಲ್ಲಿದ್ದಾರೆಂದು ಇಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಅವರು ಹೋದ ಮೇಲೆ. ಅಜ್ಜಿಯೂ ಇಲ್ಲ. ತಪ್ಪು ಅವರದೋ ಇವಳದೋ ಹುಳದ್ದೋ ಎಂದು ಹೇಳಿದರೆ ಕೇಳಿಸಿಕೊಳ್ಳಬೇಕಾದ ಇಬ್ಬರೂ ಈಗ ಇಲ್ಲ.

ಫೋನು ಬಂದ ದಿನ ಮಧ್ಯಾಹ್ನ ಗೂಡಿನಿಂದ ಅಜ್ಜಿಯ ಚರಗಿ ಇಳಿಸಿದೆ. ಓಣಿಯ ಬೇವಿನ ಗಿಡದಿಂದ ಎಲೆ ಕಿತ್ತು ನೀರು ಕಾಯಿಸಿದೆ. ಬಚ್ಚಲಿನಲ್ಲಿ ನನ್ನ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ನೆತ್ತಿಯ ಮೇಲೆ ಸುರಿದುಕೊಂಡೆ. ನೀರು ಬಿಸಿ ಹೆಚ್ಚಾಗಿತ್ತು. ಬಹಳ ಹೊತ್ತು ಅತ್ತೆ.

ತಲೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಎದುರುಮನೆಯ ಸೊಸೆ ಹಪ್ಪಳ ಒಣಹಾಕುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಬಿದ್ದದ್ದನ್ನು ನೋಡಿ ಗಾಬರಿಯಾಗಿ, “ಯಾರ್ ತೀರಕೊಂಡ್ರಿ ಟೀಚರ್?” ಎಂದಳು.

“ಯಾರಿಲ್ಲ ತಗೋವಾ” ಎಂದೆ. “ಸಣ್ಣಾಕಿದ್ದಾಗ ಜಡ್ಡು ಬಿದ್ದಿದ್ನಿ. ಇವತ್ತ ನೀರ ಹಾಕ್ಕೊಂಡ್ನಿ.”